"ಇಎಡಿ ತೆಗೀತಾರಂತೆ" ಅಂದ್ರೆ ಮೊದಲು ಎಲ್ಲಿ ನೋಡಬೇಕು?

ಅಮೆರಿಕದ ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ಕೆಲವು ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಆ ಕೆಲಸ ಮಾಡೋಕೆ ಬಿಟ್ಟಿರೋದು ಎಚ್-4 ಇಎಡಿ ಕಾರ್ಡು, ಅಂದರೆ ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರ ಗಂಡ-ಹೆಂಡತಿಯರಲ್ಲಿ ಕೆಲವರಿಗೆ ಸಿಗುವ ಕೆಲಸದ ಅನುಮತಿ. ನಾನು ವಕೀಲೆ ಅಲ್ಲ. ಆದರೆ ನನ್ನ ಕಾರ್ಡಿನ ಗತಿ ಯಾವ ಮೇಜಿನ ಮೇಲೆ ತೀರ್ಮಾನ ಆಗುತ್ತೆ ಅಂತ ಹುಡುಕಿ ಓದುವ ಚಾಳಿ ಅಂಟಿಕೊಂಡಿದೆ. ಕನ್ನಡ ಸಂಘದ ಹುಡುಗಿಯರು "ಅಕ್ಕಾ, ಇಎಡಿ ತೆಗೀತಾರಂತೆ, ಹೌದಾ?" ಅಂತ ಮೆಸೇಜ್ ಹಾಕಿದಾಗ ನಾನು ವಾಪಸ್ ಕೇಳೋದು ಎರಡೇ ಪ್ರಶ್ನೆ. ಆರ್‌ಐಎನ್, ಅಂದರೆ ಸರ್ಕಾರ ಆ ನಿಯಮಕ್ಕೆ ಕೊಟ್ಟ ಗುರುತಿನ ನಂಬರ್, ಏನು? ಯಾವ ಹಂತದಲ್ಲಿದೆ? ಈ ಎರಡಕ್ಕೂ ಉತ್ತರ ಇಲ್ಲದ ಸುದ್ದಿಯನ್ನು ಇನ್ನೊಂದು ಗುಂಪಿಗೆ ದಾಟಿಸಬೇಡಿ, ಅಷ್ಟೆ. ಉತ್ತರ ಹುಡುಕೋದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲು ಕಾಗದ ಯಾವ ಜಾತಿಯದು ಅಂತ ಗುರುತಿಸಿ. ಸಂಸತ್ತಿನಲ್ಲಿ ಯಾರೋ ಒಬ್ಬರು ಮಂಡಿಸಿದ ಮಸೂದೆಯಾ? ಹಾಗಿದ್ದರೆ ಮಾಮೂಲಿ ನಿದ್ದೆ ಮಾಡಿ. ಎಚ್-1ಬಿ ಮೇಲೆ ಮಸೂದೆ ಮಂಡಿಸೋದು ಅಲ್ಲಿ ಹೊಸದೇನಲ್ಲ, ಬಹುಪಾಲು ಮಂಡಿಸಿದಲ್ಲೇ ಉಳಿಯುತ್ತವೆ. ಅಧ್ಯಕ್ಷರೇ ಸಹಿ ಹಾಕಿದ ಘೋಷಣೆಯಾ? ಅದು ಬೇರೆ ಕಥೆ. 2025ರ ಸೆಪ್ಟೆಂಬರ್ 19, ಶುಕ್ರವಾರ, ಟ್ರಂಪ್ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಕಟ್ಟಬೇಕು ಅಂತ ಘೋಷಣೆ ಹೊರಡಿಸಿದರು. ಭಾನುವಾರ ಬೆಳಗಾಗುವ ಮೊದಲೇ ಜಾರಿ. ರಜೆಗೆ ಊರಿಗೆ ಹೋಗಿದ್ದವರು ರಾತ್ರೋರಾತ್ರಿ ಟಿಕೆಟ್ ಹುಡುಕಿದ್ದು ನಿಮಗೂ ನೆನಪಿರಬೇಕು. ಈಗಾಗಲೇ ವೀಸಾ ಇರುವವರಿಗೆ ಇದು ಅನ್ವಯಿಸಲ್ಲ ಅಂತ ಶನಿವಾರ ಸ್ಪಷ್ಟನೆ ಬಂತು. ಇಂಥ ಘೋಷಣೆಗೆ ಕರಡು ಪ್ರಕಟಣೆ ಇಲ್ಲ, ಜನರ ಅಭಿಪ್ರಾಯ ಕೇಳೋದಿಲ್ಲ. ಮುಂಚೆ ಕಾಣಿಸುವ ಜಾಗವೂ ಇಲ್ಲ.

ನಾನು ಇಲ್ಲಿ ಹೇಳ್ತಿರೋದು ಮೂರನೇ ಜಾತಿ: ಇಲಾಖೆ ಮಾಡುವ ನಿಯಮ, ಎಲ್ಲರೂ ರೂಲ್ ಅನ್ನೋದು. ನಮ್ಮ ಇಎಡಿ ಇಂಥದ್ದೇ ಒಂದು ರೂಲ್‌ನಿಂದ ಹುಟ್ಟಿದ್ದು. 2015ರ ಫೆಬ್ರವರಿ 25ಕ್ಕೆ ಫೆಡರಲ್ ರಿಜಿಸ್ಟರ್‌ನಲ್ಲಿ, ಅಂದರೆ ಅಲ್ಲಿನ ಗೆಜೆಟ್‌ನಲ್ಲಿ ಪ್ರಕಟವಾಯಿತು, ಮೇ 26ಕ್ಕೆ ಜಾರಿಗೆ ಬಂತು. ಮೊದಲ ವರ್ಷ 1,79,600 ಜನರವರೆಗೂ ಅರ್ಜಿ ಹಾಕಬಹುದು ಅಂತ ಇಲಾಖೆ ಅಂದಾಜು ಮಾಡಿತ್ತು. ಅದನ್ನು ಪ್ರಶ್ನಿಸಿ ಹಾಕಿದ ಕೇಸು ವರ್ಷಗಟ್ಟಲೆ ನಡೆಯಿತು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೈಗೆತ್ತಿಕೊಳ್ಳಲಿಲ್ಲ, ರೂಲ್ ಉಳಿಯಿತು. ರೂಲ್‌ನಿಂದ ಬಂದದ್ದನ್ನು ತೆಗೆಯಬೇಕಾದರೆ ಇನ್ನೊಂದು ರೂಲ್ ಮಾಡಬೇಕು. ಅದಕ್ಕೆ 1946ರ ಕಾನೂನು ಹೇಳಿದ ದಾರಿ ಇದೆ: ಕರಡು ಪ್ರಕಟಿಸು, ಜನರ ಮಾತು ಕೇಳು, ಉತ್ತರ ಕೊಡು, ಆಮೇಲೆ ಅಂತಿಮ ರೂಲ್. ಈ ದಾರಿಯಲ್ಲಿ ಕಾನೂನು ಹೇಳದ ಒಂದು ಗೇಟ್ ಇದೆ. ಅದನ್ನು ಹಾಕಿದ್ದು ಅಧ್ಯಕ್ಷರ ಎಕ್ಸಿಕ್ಯೂಟಿವ್ ಆರ್ಡರ್‌ಗಳು.

ಗೇಟ್ ಕಾಯುವವರು

ಆ ಕಚೇರಿಯ ಹೆಸರು ಓಐರಾ. ವೈಟ್ ಹೌಸ್‌ನ ಬಜೆಟ್ ಕಚೇರಿ ಓಎಂಬಿಯ ಒಂದು ಪುಟ್ಟ ಭಾಗ. 1980ರಲ್ಲಿ, ಕಾರ್ಟರ್ ಕಾಲದಲ್ಲಿ, ಸರ್ಕಾರಿ ಫಾರಂಗಳ ಕಾಟ ಕಡಿಮೆ ಮಾಡುವ ಕಾನೂನಿನ ಅಡಿ ಹುಟ್ಟಿತು. 1981ರ ಫೆಬ್ರವರಿಯಲ್ಲಿ ರೇಗನ್ 12291ನೇ ಆರ್ಡರ್ ಹೊರಡಿಸಿ, ಇಲಾಖೆಗಳು ರೂಲ್ ಪ್ರಕಟಿಸುವ ಮೊದಲು ಇಲ್ಲಿಗೆ ಕಳಿಸಬೇಕು, ಲಾಭ-ನಷ್ಟದ ಲೆಕ್ಕ ತೋರಿಸಬೇಕು ಅಂದರು. ಫಾರಂ ನೋಡಿಕೊಳ್ಳೋಕೆ ಇಟ್ಟವರ ಕೈಗೆ ಇಡೀ ಸರ್ಕಾರದ ರೂಲ್‌ಗಳ ಬೀಗದ ಕೈ ಬಂದದ್ದು ಹೀಗೆ. 1993ರ ಸೆಪ್ಟೆಂಬರ್ 30ಕ್ಕೆ ಕ್ಲಿಂಟನ್ ಅದನ್ನು ತೆಗೆದು 12866 ತಂದರು. ಈ ನಂಬರ್ ಒಂದನ್ನು ನೆನಪಿಟ್ಟುಕೊಳ್ಳಿ, ವೆಬ್‌ಸೈಟ್ ತುಂಬಾ ಇದೇ ಕಾಣುತ್ತೆ. ಅಲ್ಲಿಂದ ಬಂದ ಎಲ್ಲ ಅಧ್ಯಕ್ಷರೂ ಇದಕ್ಕೆ ಏನಾದರೂ ಸೇರಿಸಿದ್ದಾರೆ, ಇಲ್ಲ ಕಿತ್ತಿದ್ದಾರೆ. ಪೂರ್ತಿ ಕಿತ್ತು ಹಾಕಿದವರು ಯಾರೂ ಇಲ್ಲ. ಕೈಯಲ್ಲಿರುವ ಹಗ್ಗ ಯಾರು ಬಿಡ್ತಾರೆ, ಅಲ್ವಾ?

ಎಲ್ಲ ರೂಲ್ ಇಲ್ಲಿಗೆ ಬರಲ್ಲ. "ಸಿಗ್ನಿಫಿಕೆಂಟ್" ಅನ್ನಿಸಿಕೊಂಡದ್ದು ಮಾತ್ರ. ವರ್ಷಕ್ಕೆ 10 ಕೋಟಿ ಡಾಲರ್ ಮೇಲ್ಪಟ್ಟು ಪರಿಣಾಮ ಇದ್ದರೆ ಅದು ದೊಡ್ಡ ಲೆಕ್ಕದ ರೂಲ್, ವಿವರವಾದ ವೆಚ್ಚ-ಲಾಭದ ವರದಿ ಕೊಡಬೇಕು. ಅಷ್ಟಿಲ್ಲದಿದ್ದರೂ, ಬೇರೆ ಇಲಾಖೆಯ ಕೆಲಸಕ್ಕೆ ಅಡ್ಡ ಬಂದರೆ ಅಥವಾ ಹೊಸ ನೀತಿಯ ಪ್ರಶ್ನೆ ಎತ್ತಿದರೆ ಆಗಲೂ ಬರಬೇಕು. 2023ರ ಏಪ್ರಿಲ್‌ನಲ್ಲಿ ಬೈಡನ್ 14094ನೇ ಆರ್ಡರ್ ಹೊರಡಿಸಿ 10 ಕೋಟಿಯ ಗೆರೆಯನ್ನು 20 ಕೋಟಿಗೆ ಏರಿಸಿದರು. ಟ್ರಂಪ್ ಮತ್ತೆ ಬಂದಾಗ ಅದು ರದ್ದಾಗಿ ಗೆರೆ ಮೊದಲಿನ ಜಾಗಕ್ಕೇ ಬಂತು. ಒಂದು ಸಹಿಗೆ ಇಷ್ಟು ಬದಲಾಗುತ್ತೆ. ಸಂಸತ್ತಿನ ಮಾತೇ ಇಲ್ಲಿ ಬರಲ್ಲ.

ಪುಟ ಓದುವುದು

ರೆಗ್‌ಇನ್ಫೋ ಡಾಟ್ ಗವ್ ತೆರೆಯಿರಿ. ಓಐರಾದಲ್ಲಿ ಸದ್ಯ ಪರಿಶೀಲನೆಯಲ್ಲಿರುವ ರೂಲ್‌ಗಳ ಪಟ್ಟಿ ಇಲಾಖೆವಾರು ಸಿಗುತ್ತೆ. ಹೋಮ್‌ಲ್ಯಾಂಡ್ ಸೆಕ್ಯುರಿಟಿ, ಅಂದರೆ ಡಿಎಚ್‌ಎಸ್ ಒತ್ತಿ. ಪ್ರತಿ ರೂಲ್‌ಗೂ ಒಂದು ಆರ್‌ಐಎನ್ ಇರುತ್ತೆ. ಮೊದಲ ನಾಲ್ಕು ಅಂಕಿ ಇಲಾಖೆಯ ಗುರುತು. 1615 ಅಂತ ಶುರುವಾದರೆ ಅದು ವಲಸೆ ಅರ್ಜಿಗಳನ್ನು ನೋಡುವ ಯುಎಸ್‌ಸಿಐಎಸ್‌ನದು, ನಮ್ಮ ತಲೆನೋವು. ಬೇರೆ ಅಂಕಿ ಇದ್ದರೆ ಕಣ್ಣು ಹಾಯಿಸಿ ಮುಂದೆ ಹೋಗಿ. ಕಾರ್ಮಿಕ ಇಲಾಖೆಯ ಪಟ್ಟಿಯನ್ನೂ ಒಮ್ಮೆ ನೋಡಿ, ಎಚ್-1ಬಿ ಸಂಬಳದ ಲೆವೆಲ್‌ಗಳ ರೂಲ್ ಅಲ್ಲಿಂದ ಬರುತ್ತೆ.

ಒಂದು ನಿಜವಾದ ನಮೂದನ್ನೇ ಇಟ್ಟುಕೊಂಡು ನೋಡೋಣ. ಎಚ್-4 ಇಎಡಿ ತೆಗೆಯಬೇಕು ಅಂತ ಟ್ರಂಪ್‌ರ ಮೊದಲ ಅವಧಿಯಲ್ಲಿ ಸಿದ್ಧವಾದ ರೂಲ್, 1615-ಎಸಿ15. ಹಳೆಯದನ್ನು ಹುಡುಕುವ ಪುಟದಲ್ಲಿ ಈ ನಂಬರ್ ಹಾಕಿದರೆ ಸಾಲುಗಳು ಒಂದರ ಕೆಳಗೆ ಒಂದು ಬರುತ್ತವೆ. ಮೊದಲು ಹಂತ: "ಪ್ರಪೋಸ್ಡ್ ರೂಲ್". ಅಂದರೆ ಇನ್ನೂ ಕರಡು, ಇದು ಪಾಸಾದರೂ ನಾಳೆಯೇ ಕಾರ್ಡ್ ಹೋಗಲ್ಲ. ಆಮೇಲೆ ಓಐರಾ ಕೈಗೆ ಬಂದ ದಿನ: 2019ರ ಫೆಬ್ರವರಿ 20. ಅವತ್ತು ನಮ್ಮ ಗುಂಪುಗಳಲ್ಲೆಲ್ಲ "ಇನ್ನು ಮೂರೇ ತಿಂಗಳು" ಅಂತ ಓಡಾಡಿತು. ಅದಕ್ಕೆ ಕಾರಣ ಇಲ್ಲದೆ ಇಲ್ಲ. 12866ರಲ್ಲಿ ಪರಿಶೀಲನೆಗೆ 90 ದಿನ ಅಂತ ಬರೆದಿದೆ. ಓಎಂಬಿ ನಿರ್ದೇಶಕರು 30 ದಿನ ಒಂದು ಸಲ ವಿಸ್ತರಿಸಬಹುದು, ಇಲಾಖೆಯ ಮುಖ್ಯಸ್ಥರೇ ಕೇಳಿದರೆ ಇನ್ನೂ ಇಟ್ಟುಕೊಳ್ಳಬಹುದು.

ಈಗ ಕೊನೆಯ ಸಾಲು ನೋಡಿ. ಮುಗಿದ ದಿನ: 2021ರ ಜನವರಿ 25. ಫಲಿತಾಂಶ: "ವಿತ್‌ಡ್ರಾನ್". ಹತ್ತಿರ ಹತ್ತಿರ 23 ತಿಂಗಳು ಆ ಕಡತ ಅಲ್ಲಿತ್ತು, ಬೈಡನ್ ಬಂದ ಐದನೇ ದಿನ ವಾಪಸ್ ಹೋಯಿತು. ಕರಡು ಒಮ್ಮೆಯೂ ಪ್ರಕಟ ಆಗಲೇ ಇಲ್ಲ. ಅಷ್ಟರಲ್ಲಿ ಎಷ್ಟು ಜನ ಹೆದರಿ ಕೆಲಸ ಬಿಡುವ ಮಾತಾಡಿದರು, ಮನೆ ಕೊಳ್ಳೋದು ನಿಲ್ಲಿಸಿದರು ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಹಾಗಾದರೆ 90 ದಿನದ ಗಡುವು ಮೀರಿದಾಗ ಯಾರೂ ಕೇಳೋದಿಲ್ಲವಾ? ಆ ಆರ್ಡರ್ ಹಿಡಿದು ಕೋರ್ಟಿಗೆ ಹೋಗೋಕೆ ಆಗಲ್ಲ. ಇದು ಸರ್ಕಾರದ ಒಳಗಿನ ನಿರ್ವಹಣೆಗೆ ಮಾತ್ರ, ಇದರಿಂದ ಯಾರಿಗೂ ಕಾನೂನಿನ ಹಕ್ಕು ಹುಟ್ಟಲ್ಲ ಅಂತ ಆರ್ಡರ್‌ನ ಕೊನೆಯಲ್ಲೇ ಬರೆದಿದ್ದಾರೆ. ಅಧ್ಯಕ್ಷರ ಆರ್ಡರ್‌ಗಳ ಕೊನೆಯಲ್ಲಿ ಈ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತೆ. ಯಾವ ಆರ್ಡರ್ ಓದಿದರೂ ಮೊದಲು ಕೊನೆಗೆ ಹೋಗಿ ಇದನ್ನು ಓದಿ, ಆಮೇಲೆ ಮೇಲೆ ಬನ್ನಿ.

ಇದಕ್ಕೆ ಉಲ್ಟಾ ಉದಾಹರಣೆ ಬೇಕಾ? ಎಚ್-1ಬಿಗೆ ಯಾರನ್ನು ಆರಿಸಬೇಕು ಅನ್ನುವ ಲಾಟರಿಯನ್ನು ಸಂಬಳದ ಲೆವೆಲ್ ನೋಡಿ ಎತ್ತುವ ರೂಲ್. ಓಐರಾಗೆ ಬಂದದ್ದು 2025ರ ಜುಲೈ 17. ಹೊರಗೆ ಹೋದದ್ದು ಆಗಸ್ಟ್ 8. ಬರೀ 22 ದಿನ. ವೈಟ್ ಹೌಸ್‌ಗೆ ಬೇಕಾದ ರೂಲ್ ಓಡುತ್ತೆ, ಬೇಡದ್ದು ಕೂರುತ್ತೆ ಅಂತ ಸುಲಭವಾಗಿ ಹೇಳಿಬಿಡಬಹುದು. ಆದರೆ ನಮ್ಮ ಎಚ್-4 ರೂಲ್ ಅದೇ ಅಧ್ಯಕ್ಷರ ಇಲಾಖೆಯೇ ಕಳಿಸಿದ್ದು, ಆದರೂ ಕೂತಿತ್ತು. ಹಾಗಾಗಿ ದಿನ ಎಣಿಸಿ ಭವಿಷ್ಯ ಹೇಳುವವರ ಮಾತಿಗೆ ನಾನು ಬೆಲೆ ಕೊಡಲ್ಲ.

ಫಲಿತಾಂಶದ ಜಾಗದಲ್ಲಿ ಸಾಮಾನ್ಯವಾಗಿ ಕಾಣುವುದು "ಕನ್ಸಿಸ್ಟೆಂಟ್ ವಿತ್ ಚೇಂಜ್": ಏನೋ ಬದಲಾಯಿಸಿ ಬಿಟ್ಟರು ಅಂತ ಅರ್ಥ. "ವಿತೌಟ್ ಚೇಂಜ್" ಅಂದರೆ ಹಾಗೇ ಬಿಟ್ಟರು. "ರಿಟರ್ನ್ಡ್" ಅಂದರೆ ಸರಿ ಇಲ್ಲ ಅಂತ ಪತ್ರ ಬರೆದು ವಾಪಸ್ ಕಳಿಸಿದರು, ಅದು ಅಪರೂಪ.

ಒಂದು ಮಾತು ಒತ್ತಿ ಹೇಳಬೇಕು. ರೂಲ್ ಓಐರಾದಲ್ಲಿ ಇರುವಷ್ಟು ದಿನ ಅದರ ಒಳಗೆ ಏನಿದೆ ಅಂತ ಹೊರಗಿನವರಿಗೆ ಕಾಣಲ್ಲ. ಶೀರ್ಷಿಕೆ, ಒಂದು ಸಣ್ಣ ಸಾರಾಂಶ, ದಿನಾಂಕ, ಅಷ್ಟೇ. ಆ ಹಂತದಲ್ಲಿ "ಹೊಸ ರೂಲ್‌ನ 10 ಮುಖ್ಯ ಅಂಶಗಳು" ಅಂತ ವಿಡಿಯೋ ಮಾಡಿದವರು ಸುಮ್ನೆ ಊಹೆ ಮಾಡಿದ್ದಾರೆ. ಇಷ್ಟು ಗುಟ್ಟು ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಆದರೆ ಇನ್ನೊಂದು ಬಾಗಿಲು ತೆರೆದಿದೆ. ಓಐರಾಗೆ ಕಳಿಸಿದ ಕರಡಿಗೂ ಪ್ರಕಟವಾದದ್ದಕ್ಕೂ ಇರುವ ವ್ಯತ್ಯಾಸವನ್ನು, ಅದರಲ್ಲಿ ಓಐರಾ ಹೇಳಿ ಮಾಡಿಸಿದ್ದು ಯಾವುದು ಅನ್ನುವುದನ್ನು, ಇಲಾಖೆ ಆಮೇಲೆ ಜನರಿಗೆ ತೋರಿಸಬೇಕು ಅಂತ 12866 ಹೇಳುತ್ತೆ. ರೂಲ್ ಪ್ರಕಟವಾದ ಮೇಲೆ ರೆಗ್ಯುಲೇಷನ್ಸ್ ಡಾಟ್ ಗವ್‌ನಲ್ಲಿ ಅದರ ಡಾಕೆಟ್‌ಗೆ, ಅಂದರೆ ಆ ರೂಲ್‌ನ ಕಡತಕ್ಕೆ, ಹೋಗಿ ಇಂಥ ಕಾಗದ ಇದೆಯಾ ಅಂತ ಹುಡುಕಿ. ಹೊಡೆದು ಹಾಕಿದ ಸಾಲು, ಸೇರಿಸಿದ ಸಾಲು ಎರಡೂ ಕಾಣುವ ಪ್ರತಿ ಸಿಕ್ಕರೆ ಪತ್ರಿಕೆಯ ಹತ್ತು ಲೇಖನಕ್ಕಿಂತ ಜಾಸ್ತಿ ಗೊತ್ತಾಗುತ್ತೆ.

ಅವರ ಜೊತೆ ಮಾತಾಡಬಹುದು

ಇದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ರೂಲ್ ಓಐರಾದಲ್ಲಿ ಇರುವಾಗ ಯಾರು ಬೇಕಾದರೂ ಒಂದು ಭೇಟಿ ಕೇಳಬಹುದು. "12866 ಮೀಟಿಂಗ್" ಅಂತಲೇ ಹೆಸರು. ದೊಡ್ಡ ಕಂಪನಿ ಆಗಬೇಕಿಲ್ಲ, ವಕೀಲರೂ ಬೇಕಿಲ್ಲ, ಶುಲ್ಕ ಇಲ್ಲ. ಅದೇ ರೆಗ್‌ಇನ್ಫೋ ತಾಣದಲ್ಲಿ ರೂಲ್‌ನ ಆರ್‌ಐಎನ್ ಆರಿಸಿ ಫಾರಂ ತುಂಬಬೇಕು. ಫೋನ್‌ನಲ್ಲಿ ಅಥವಾ ವಿಡಿಯೋದಲ್ಲಿ ಅರ್ಧ ಗಂಟೆ ಅಷ್ಟು ಸಮಯ ಕೊಡುತ್ತಾರೆ. ಪರಿಶೀಲನೆ ಅಷ್ಟರಲ್ಲಿ ಮುಗಿದುಬಿಟ್ಟರೆ ಮೀಟಿಂಗ್ ಇಲ್ಲ, ಆದ್ದರಿಂದ ಪಟ್ಟಿಯಲ್ಲಿ ಹೆಸರು ಕಂಡ ವಾರವೇ ಕೇಳಿ. ಎಚ್-4 ರೂಲ್ ಅಲ್ಲಿದ್ದಾಗ ನಮ್ಮಂಥ ಹೆಂಗಸರ ಗುಂಪುಗಳೂ ಹೋಗಿ ಮಾತಾಡಿವೆ.

ಹೋಗುವ ಮುನ್ನ ಒಂದು ಮಾತು ತಲೆಯಲ್ಲಿರಲಿ. ಅವರು ಕೇಳಿಸಿಕೊಳ್ಳುತ್ತಾರೆ, ಮಾತಾಡಲ್ಲ. ರೂಲ್‌ನಲ್ಲಿ ಏನಿದೆ ಅಂತ ಎಷ್ಟು ಕೇಳಿದರೂ ಬಾಯಿ ಬಿಡಲ್ಲ. ಹಾಗಾಗಿ ಪ್ರಶ್ನೆಗಳ ಪಟ್ಟಿ ಬೇಡ, ಲೆಕ್ಕಗಳ ಪಟ್ಟಿ ತಯಾರಿಸಿ. ಅವರ ಕೆಲಸವೇ ವೆಚ್ಚ ಎಷ್ಟು, ಲಾಭ ಎಷ್ಟು ಅಂತ ತೂಗುವುದು. "ನಮಗೆ ಅನ್ಯಾಯ" ಅನ್ನುವುದಕ್ಕಿಂತ "ನಾನು ವರ್ಷಕ್ಕೆ ಇಷ್ಟು ತೆರಿಗೆ ಕಟ್ಟುತ್ತೇನೆ, ನಾನು ಲೆಕ್ಕ ನೋಡುವ ಅಂಗಡಿಗಳಲ್ಲಿ ಇಷ್ಟು ಜನ ಕೆಲಸಕ್ಕಿದ್ದಾರೆ, ನನ್ನ ಜಾಗಕ್ಕೆ ಬೇರೆಯವರನ್ನು ಹುಡುಕಿ ಕಲಿಸಲು ಮಾಲೀಕರಿಗೆ ಇಷ್ಟು ಖರ್ಚು" ಅನ್ನುವುದು ಅವರ ಕಿವಿಗೆ ಬೀಳುತ್ತೆ. ಡೇ ಕೇರ್ ನಡೆಸುವವರಿದ್ದರೆ ಎಷ್ಟು ಮಕ್ಕಳು, ಎಷ್ಟು ಟೀಚರ್‌ಗಳು ಅಂತ ಹೇಳಿ.

ಭೇಟಿಗೆ ಯಾರು ಬಂದರು, ಯಾವ ದಿನ, ಯಾವ ರೂಲ್ ಬಗ್ಗೆ ಅನ್ನುವುದು ಸಾರ್ವಜನಿಕ ದಾಖಲೆ ಆಗುತ್ತೆ. ನೀವು ಕೊಟ್ಟ ಕಾಗದವೂ ತಾಣಕ್ಕೆ ಏರುತ್ತೆ. ಪಾಸ್‌ಪೋರ್ಟ್ ನಂಬರ್, ರಿಸೀಟ್ ನಂಬರ್, ಮಕ್ಕಳ ಹೆಸರು ಯಾವುದೂ ಅದರಲ್ಲಿ ಇರಬಾರದು. ಇದೇ ದಾಖಲೆಯಿಂದ ಇನ್ನೊಂದು ಉಪಯೋಗ ಇದೆ: ನಿಮ್ಮ ರೂಲ್ ಬಗ್ಗೆ ಬೇರೆ ಯಾರು ಹೋಗಿ ಮಾತಾಡಿದ್ದಾರೆ ಅಂತ ಓದಬಹುದು. ನಾನಂತೂ ಅದನ್ನೇ ಮೊದಲು ಓದುತ್ತೇನೆ.

ಅಳತೆಗೋಲನ್ನೂ ಅಧ್ಯಕ್ಷರೇ ಬದಲಾಯಿಸುತ್ತಾರೆ

ಲೆಕ್ಕ ಬರೆಯುವವಳಾದ್ದರಿಂದ ನನಗೆ ಇಷ್ಟವಾದ ಭಾಗ ಇದು, ಸ್ವಲ್ಪ ಸಹಿಸಿಕೊಳ್ಳಿ. ವೆಚ್ಚ-ಲಾಭ ಹೇಗೆ ಎಣಿಸಬೇಕು ಅಂತ ಓಎಂಬಿಯ ಒಂದು ಕೈಪಿಡಿ ಇದೆ, ಸರ್ಕ್ಯುಲರ್ ಎ-4. 2003ರ ಕೈಪಿಡಿಯಲ್ಲಿ ಮುಂದೆ ಬರುವ ಲಾಭವನ್ನು ಇವತ್ತಿನ ಬೆಲೆಗೆ ಇಳಿಸೋಕೆ ವರ್ಷಕ್ಕೆ ಶೇ. 3 ಮತ್ತು ಶೇ. 7ರ ದರ. 2023ರ ನವೆಂಬರ್‌ನಲ್ಲಿ ಬೈಡನ್ ಸರ್ಕಾರ ಅದನ್ನು ಶೇ. 2 ಮಾಡಿತು. 2025ರ ಜನವರಿ 31ರ ಆರ್ಡರ್, ನಂಬರ್ 14192, ಮತ್ತೆ 2003ರದ್ದನ್ನೇ ತರಲು ಹೇಳಿತು. ಏನು ಮಹಾ ಅನ್ನಿಸಬಹುದು. 30 ವರ್ಷ ಆದಮೇಲೆ ಸಿಗುವ 100 ಡಾಲರ್ ಲಾಭಕ್ಕೆ ಶೇ. 2ರ ದರದಲ್ಲಿ ಇವತ್ತಿನ ಬೆಲೆ ಸುಮಾರು 55 ಡಾಲರ್. ಶೇ. 7ರಲ್ಲಿ ಬರೀ 13. ಹೊಗೆ, ನೀರು, ಆರೋಗ್ಯದ ರೂಲ್‌ಗಳಲ್ಲಿ ಖರ್ಚು ಇವತ್ತು, ಲಾಭ ಯಾವತ್ತೋ. ದರ ಏರಿಸಿದರೆ ಸಾಕು, ಆ ರೂಲ್ ಕಾಗದದ ಮೇಲೆ ನಷ್ಟದ್ದಾಗಿ ಕಾಣುತ್ತೆ. ನಮ್ಮ ವೀಸಾ ರೂಲ್‌ಗಳ ಲೆಕ್ಕ ಸಾಮಾನ್ಯವಾಗಿ ಹತ್ತು ವರ್ಷದ್ದು, ಅದರಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಬರಲ್ಲ. ಆದರೂ ಕರಡಿನ ಲೆಕ್ಕದ ಕೋಷ್ಟಕ ಓದುವಾಗ ಯಾವ ದರ ಹಾಕಿದ್ದಾರೆ ನೋಡಿ.

ಅದೇ 14192ನೇ ಆರ್ಡರ್‌ನಲ್ಲಿ, ಒಂದು ಹೊಸ ರೂಲ್ ತರಬೇಕಾದರೆ ಹತ್ತು ಹಳೆಯವನ್ನು ತೆಗೆಯಲು ಗುರುತಿಸಿ ಅಂತಲೂ ಇದೆ. 2017ರಲ್ಲಿ ಅದು ಒಂದಕ್ಕೆ ಎರಡು ಇತ್ತು. "ಹಾಗಾದರೆ ವೀಸಾ ರೂಲ್ ಬರೋದು ಕಷ್ಟ ಅಲ್ವಾ ಅಕ್ಕಾ?" ಅಂತ ಒಬ್ಬಳು ಖುಷಿಯಲ್ಲಿ ಕೇಳಿದಳು. ಇಲ್ಲಮ್ಮ. ವಲಸೆಗೆ ಸಂಬಂಧಿಸಿದ ರೂಲ್‌ಗಳು ಈ ಲೆಕ್ಕಕ್ಕೆ ಬರಲ್ಲ ಅಂತ ಆರ್ಡರ್‌ನಲ್ಲೇ ವಿನಾಯಿತಿ ಬರೆದಿದೆ. ಸುದ್ದಿ ಶೀರ್ಷಿಕೆಯಲ್ಲಿ ಹತ್ತಕ್ಕೊಂದು ಅನ್ನೋದು ಮಾತ್ರ ಇರುತ್ತೆ, ವಿನಾಯಿತಿ ಇರಲ್ಲ. 2025ರ ಫೆಬ್ರವರಿ 18ರ 14215ನೇ ಆರ್ಡರ್ ಸ್ವತಂತ್ರ ಸಂಸ್ಥೆಗಳನ್ನೂ ಓಐರಾ ಗೇಟಿಗೆ ತಂದಿತು. ಷೇರುಪೇಟೆ ನೋಡಿಕೊಳ್ಳುವ ಎಸ್‌ಇಸಿ, ದೂರಸಂಪರ್ಕದ ಎಫ್‌ಸಿಸಿ ಅಂಥವು. ನಮಗೆ ನೇರ ಸಂಬಂಧ ಇಲ್ಲ, ಬಿಡಿ.

ಪ್ರಕಟವಾದ ಮೇಲೆ

ಫೆಡರಲ್ ರಿಜಿಸ್ಟರ್‌ನಲ್ಲಿ ಬರುವ ಹಿಂದಿನ ದಿನವೇ ಸಾಮಾನ್ಯವಾಗಿ "ಪಬ್ಲಿಕ್ ಇನ್‌ಸ್ಪೆಕ್ಷನ್" ಪುಟದಲ್ಲಿ ರೂಲ್ ಕಾಣಿಸುತ್ತೆ. ಮೊದಲ ಪುಟದ "ಡೇಟ್ಸ್" ಅನ್ನುವ ಸಾಲು ಓದಿ. ಲಾಟರಿಯ ಕರಡು 2025ರ ಸೆಪ್ಟೆಂಬರ್ 24ಕ್ಕೆ ಪ್ರಕಟವಾಯಿತು, ಅಭಿಪ್ರಾಯಕ್ಕೆ ಅಕ್ಟೋಬರ್ 24ರವರೆಗೆ ಅವಕಾಶ ಇತ್ತು. ಅಂತಿಮ ರೂಲ್ ಡಿಸೆಂಬರ್ 29ಕ್ಕೆ ಬಂತು, ಜಾರಿ 2026ರ ಫೆಬ್ರವರಿ 27. ಎಣಿಸಿ ನೋಡಿ, ಸರಿಯಾಗಿ 60 ದಿನ. ದೊಡ್ಡ ರೂಲ್‌ಗಳಿಗೆ 60 ದಿನ ಬಿಡಬೇಕು ಅಂತ 1996ರ ಕಾನೂನು ಇದೆ. ಇದು ಮಾತ್ರ ಅಧ್ಯಕ್ಷರ ಆರ್ಡರ್ ಅಲ್ಲ, ಸಂಸತ್ತಿನದು.

ಅಭಿಪ್ರಾಯ ಬರೆಯುವಾಗ ಯಾರೋ ಕೊಟ್ಟ ಪತ್ರವನ್ನು ಕಾಪಿ ಮಾಡಿ ಹಾಕಬೇಡಿ. ಒಂದೇ ಪತ್ರ ಸಾವಿರ ಬಂದರೂ ಇಲಾಖೆ ಅದಕ್ಕೆ ಒಂದೇ ಉತ್ತರ ಕೊಡುತ್ತೆ. ಕರಡಿನ ಒಂದು ಲೆಕ್ಕ ಹಿಡಿದುಕೊಳ್ಳಿ. ಆ ಲಾಟರಿಯಲ್ಲಿ ನಾಲ್ಕನೇ ಲೆವೆಲ್ ಸಂಬಳಕ್ಕೆ ನಾಲ್ಕು ಚೀಟಿ, ಮೊದಲನೇ ಲೆವೆಲ್‌ಗೆ ಒಂದು. ಆಗ ತಾನೇ ಓದು ಮುಗಿಸಿದವರಿಗೆ, ಸಣ್ಣ ಊರಿನ ಆಸ್ಪತ್ರೆಗೆ, ಶಾಲೆಗೆ ಇದರಿಂದ ಏನಾಗುತ್ತೆ ಅಂತ ನಿಮಗೆ ಗೊತ್ತಿರುವ ಅಂಕಿ ಕೊಟ್ಟು ಬರೆದರೆ ಇಲಾಖೆ ಅದಕ್ಕೆ ಉತ್ತರ ಹೇಳಲೇಬೇಕು. ಹೇಳದಿದ್ದರೆ ನಾಳೆ ಕೋರ್ಟಿನಲ್ಲಿ ಅದೇ ಅವರಿಗೆ ತೊಡಕಾಗುತ್ತೆ.

"ಇಂಟರಿಮ್ ಫೈನಲ್ ರೂಲ್" ಅಂತ ಕಂಡರೆ ಮಾತ್ರ ಎದ್ದು ಕೂತ್ಕೊಳ್ಳಿ. ಮೊದಲು ಜಾರಿ, ಆಮೇಲೆ ಅಭಿಪ್ರಾಯ. ಇಎಡಿ ನವೀಕರಣಕ್ಕೆ ಸಿಗುತ್ತಿದ್ದ 540 ದಿನಗಳ ತಾನಾಗಿ ವಿಸ್ತರಣೆ ಹೋದದ್ದು ಹೀಗೇ. 2025ರ ಅಕ್ಟೋಬರ್ 30ಕ್ಕೆ ಪ್ರಕಟ, ಅವತ್ತೇ ಜಾರಿ. ಅವತ್ತಿನಿಂದ ಹಾಕಿದ ಅರ್ಜಿಗೆ ಆ ಸೌಲಭ್ಯ ಇಲ್ಲ. ಕಾರ್ಡ್ ಮುಗಿಯುವ 180 ದಿನ ಮೊದಲೇ ಅರ್ಜಿ ಹಾಕಲು ಬಿಡುತ್ತಾರೆ, ಆ ದಿನವನ್ನು ಫೋನ್‌ನಲ್ಲಿ ಗುರುತು ಹಾಕಿಕೊಳ್ಳಿ. ಗಂಡನ ಎಚ್-1ಬಿ ವಿಸ್ತರಣೆ ಜೊತೆ ಹಾಕುವವರು ಕಂಪನಿಯ ವಕೀಲರಿಗೆ ಇನ್ನೂ ಮುಂಚೆ ನೆನಪಿಸಿ.

ಇನ್ನು ಅಧ್ಯಕ್ಷರು ಬದಲಾಗುವ ದಿನ. 2001ರಲ್ಲಿ ಬುಷ್, 2009ರಲ್ಲಿ ಒಬಾಮಾ, 2017ರಲ್ಲಿ ಟ್ರಂಪ್, 2021ರಲ್ಲಿ ಬೈಡನ್, 2025ರಲ್ಲಿ ಮತ್ತೆ ಟ್ರಂಪ್, ಎಲ್ಲರೂ ಜನವರಿ 20ರಂದೇ "ಕಳಿಸಿದ ರೂಲ್‌ಗಳನ್ನು ನಿಲ್ಲಿಸಿ, ವಾಪಸ್ ತಗೊಳ್ಳಿ" ಅನ್ನುವ ಟಿಪ್ಪಣಿ ಹೊರಡಿಸಿದ್ದಾರೆ. ಎಚ್-4 ರೂಲ್ ವಾಪಸ್ ಹೋದದ್ದು ಇಂಥದ್ದೇ ಟಿಪ್ಪಣಿಯ ಬೆನ್ನಿಗೆ. ಪ್ರಕಟವಾಗಿ ಜಾರಿಯೂ ಆಗಿದ್ದರೆ ಅದು ಅಷ್ಟು ಸುಲಭಕ್ಕೆ ಹೋಗುತ್ತಿರಲಿಲ್ಲ. ಆದ್ದರಿಂದ ಅವಧಿಯ ಕೊನೆಯ ಆರು ತಿಂಗಳಲ್ಲಿ ಆ ಪಟ್ಟಿಯನ್ನು ವಾರಕ್ಕೊಮ್ಮೆ ನೋಡಿ. ಮುಂದಿನದು 2029ರ ಜನವರಿ 20. ಹಿಂದಿನ ದಿನ ಡಿಎಚ್‌ಎಸ್ ಪಟ್ಟಿಯ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಒಂದು ವಾರ ಬಿಟ್ಟು ಮತ್ತೊಂದು ತೆಗೆದು ಪಕ್ಕಪಕ್ಕ ಇಟ್ಟು ನೋಡಿ, ಯಾವ 1615 ಕಾಣೆಯಾಗಿದೆ ಅಂತ.